ಒಂಟಿ ಸೀನು

ಹೂಮಳೆ ಬಿದ್ದು ಕಾಫಿ ಹೂ ಅರಳುವ ವಾರ ನಾನು ಬೆಳಿಗ್ಗೆ ಎದ್ದರೆ, ಹತ್ತು ಹದಿನಾಲ್ಕು ಸೀನು ಸೀನಿದ ಮೇಲೆಯೇ ಮುಖ ತೊಳೆಯುವುದು. ಊರಿಗೆಲ್ಲ ಘಮಘಮ ಅನ್ನುವ ಹೂ ನನ್ನ ಮೂಗಿಗೆ ಮಾತ್ರ ಆಗಿಬರುವುದಿಲ್ಲ. ಕಾಫಿ ಬೆಳೆಯುವ ಮನೆಗೆ ಸೊಸೆಯಾಗಿ ಬರಬೇಕಾದವಳಿಗೆ ಇಂಥ ಮೂಗು ಕೊಟ್ಟನಲ್ಲ ಎಂದು ದೇವರ ಮೇಲೆ ನನಗೆ ಹಳೆಯ ಸಿಟ್ಟಿದೆ. ನಮ್ಮ ಅತ್ತೆಗೆ ಮಾತ್ರ ನನ್ನ ಸೀನಿನ ಬಗ್ಗೆ ಯಾವ ತಕರಾರೂ ಇರಲಿಲ್ಲ. ಒಲೆಯ ಮುಂದೆ ಕೂತಲ್ಲಿಂದಲೇ ಪ್ರತಿ ಸೀನಿಗೂ "ನೂರು ವರ್ಷ" ಅನ್ನುತ್ತಿದ್ದರು. ಹದಿನಾಲ್ಕು ಸೀನಿದರೆ ಹದಿನಾಲ್ಕು ಸಲ.

ಒಂದು ದಿನ ನನಗೆ ರೇಗಿತು. "ಅತ್ತೆ, ಇವತ್ತೊಂದೇ ದಿನಕ್ಕೆ ಸಾವಿರದ ನಾನೂರು ವರ್ಷ ಆಯ್ತು. ಅಷ್ಟೂ ವರ್ಷ ಈ ಮನೇಲಿ ನಾನೇ ಪಾತ್ರೆ ತೊಳೀಬೇಕಾ?" ಅಂದೆ.

"ನೀ ತೊಳೀದೆ ಇನ್ಯಾರು ತೊಳೀತಾರೆ? ನನ್ ಮಗ ತೊಳೀತಾನಾ?" ಅಂದು, ಮುಂದಿನ ಸೀನಿಗೆ ಕಾದು ಕೂತರು.

ನಾನು ಮಗ್ಗೆಯ ಕಡೆ ಒಂದು ಶಾಲೆಯಲ್ಲಿ ಟೀಚರ್. ಮಕ್ಕಳಿಗೆ ವಿಜ್ಞಾನ ಹೇಳುವವಳು. ತರಗತಿಯಲ್ಲಿ ಒಂದು ಮಗು ಸೀನಿದರೆ ಉಳಿದವೆಲ್ಲ ಒಟ್ಟಿಗೆ "ನೂರು ವರ್ಷ" ಎಂದು ಕಿರುಚುತ್ತವೆ. ಆಮೇಲೆ ಇನ್ನೂ ನಾಲ್ಕು ಮಕ್ಕಳಿಗೆ ಆಯುಸ್ಸಿನ ಆಸೆ ಹತ್ತಿ ಅವೂ ಸೀನತೊಡಗುತ್ತವೆ. ಮೂಗಿನೊಳಗೆ ದೂಳು ಹೋದರೆ ದೇಹ ಅದನ್ನು ಹೊರಗೆ ತಳ್ಳುತ್ತದೆ, ಅಷ್ಟೇ, ಇದರಲ್ಲಿ ದೇವರ ಕೈವಾಡ ಏನೂ ಇಲ್ಲ ಎಂದು ನಾನು ಹೇಳಿಕೊಡುತ್ತೇನೆ. ಹೇಳುತ್ತ ಹೇಳುತ್ತ ಸೀಮೆಸುಣ್ಣದ ದೂಳಿಗೆ ನಾನೇ ಸೀನುತ್ತೇನೆ. "ನೂರು ವರ್ಷ, ಮಿಸ್!" ಎಂದು ಮತ್ತೆ ಕಿರುಚಾಟ ಶುರುವಾಗುತ್ತದೆ.

ಆಯುಸ್ಸು ಹರಸುವುದನ್ನಾದರೂ ಹೇಗೋ ಒಪ್ಪಬಹುದು. ಬಾಯಿಮಾತಿಗೆ ಖರ್ಚೇನು? ನನ್ನ ಜಗಳ ಇದ್ದದ್ದು ಒಂಟಿ ಸೀನಿನ ಜೊತೆ. ಮನೆಯಿಂದ ಹೊರಡುವಾಗ ಯಾರಾದರೂ ಒಂದೇ ಒಂದು ಸೀನು ಸೀನಿದರೆ ಅಪಶಕುನ. ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಎರಡು ಸೀನಿದರೆ ದೋಷವಿಲ್ಲ, ಧಾರಾಳವಾಗಿ ಹೋಗಬಹುದು. ಇಷ್ಟು ದೊಡ್ಡ ಜಗತ್ತು ನಡೆಸುವವನು, ಮಳೆ ಬೆಳೆ ಆನೆ ಕಾಟ ಎಲ್ಲ ಬಿಟ್ಟು, ನಮ್ಮ ಮನೆ ಹೊಸ್ತಿಲ ಹತ್ತಿರ ಕೂತು ಸೀನು ಎಣಿಸುತ್ತಾನೆಯೇ? ಹಾಗೆ ಎಣಿಸಿದರೂ ಒಂದು ಲೋಟ ನೀರಿಗೆ ಸಮಾಧಾನ ಆಗಿಬಿಡುತ್ತಾನೆಯೇ? ಅತ್ತೆಯನ್ನು ಕೇಳಿದರೆ "ನಿಂಗೆ ಗೊತ್ತಿಲ್ದಿದ್ರೆ ಸುಮ್ನಿರು, ಅವ್ನಿಗೆ ಗೊತ್ತೈತೆ" ಅನ್ನುತ್ತಿದ್ದರು. ಅವರ ಮಾತಿನಲ್ಲಿ ದೇವರು ಯಾವಾಗಲೂ ಹೀಗೇ, ಪಕ್ಕದ ಕೋಣೆಯಲ್ಲಿ ಇರುವ ಮನುಷ್ಯನ ಹಾಗೆ ಬರುತ್ತಿದ್ದ.

ನಮ್ಮ ಪಕ್ಕದ ತೋಟದಲ್ಲಿ ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸೊಬ್ಬರಿದ್ದಾರೆ. ಅವರ ಯಜಮಾನರು ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು, ಕೆಲಸ ಬಿಟ್ಟ ಮೇಲೆ ಎರಡು ಎಕರೆ ತಗೊಂಡು ಇಲ್ಲೇ ನಿಂತರು. ನಾವೆಲ್ಲ ಅವರನ್ನು, ಕೊಂಕಣಿಯಲ್ಲಿ ಅಕ್ಕ ಅನ್ನುವ ಹಾಗೆ, ಬಾಯಿ ಅಂತಲೇ ಕರೆಯುವುದು. ಸೀನಿನ ಶಬ್ದ ಕೇಳಿದರೆ ಅವರ ಬಾಯಲ್ಲಿ ತಾನಾಗಿ "ಜೆಜು" ಎಂದು ಯೇಸುವಿನ ಹೆಸರು ಬರುತ್ತದೆ. ಸಂಜೆ ನಮ್ಮ ಜಗಲಿಯಲ್ಲಿ ಕೂತಿದ್ದಾಗ ನಾನು ಸೀನಿದರೆ, ಒಂದು ಕಡೆಯಿಂದ "ನೂರು ವರ್ಷ", ಇನ್ನೊಂದು ಕಡೆಯಿಂದ "ಜೆಜು". ಒಂದು ಬಡ ಮೂಗಿಗೆ ಎರಡು ದೇವರ ಕಾವಲು. ಅತ್ತೆಗೆ ಇದರಲ್ಲಿ ಭೇದವಿರಲಿಲ್ಲ. "ಹೇಳ್ಲಿ ಬುಡು, ಒಬ್ರು ಮರೆತ್ರೂ ಇನ್ನೊಬ್ರು ನೋಡ್ಕತಾರೆ" ಅನ್ನುತ್ತಿದ್ದರು.

ಕೊರೊನಾ ಬಂದ ಆ ಎರಡು ವರ್ಷ ಸೀನಿಗೆ ಇದ್ದ ಮರ್ಯಾದೆಯೆಲ್ಲ ಹೋಯಿತು. ಮಗ್ಗೆಯಿಂದ ಆಲೂರಿಗೆ ಹೋಗುವ ಬಸ್ಸಿನಲ್ಲಿ ನಾನೊಮ್ಮೆ ಸೀನಿದೆ. ನನ್ನ ಸೀಟಿನಲ್ಲಿದ್ದವರು ಎದ್ದರು, ಹಿಂದಿನವರು ಎದ್ದರು, ಕಂಡಕ್ಟರ್ ದೂರದಿಂದಲೇ ಕೈ ಚಾಚಿ ಟಿಕೆಟ್ ಕೊಟ್ಟ. ಎಪ್ಪತ್ತು ಎಂಬತ್ತು ವರ್ಷದಿಂದ ಹರಸಿಕೊಂಡು ಬಂದ ಮುದುಕಿಯರೂ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿದರು. ವಾರದೊಳಗೆ ನನಗೂ ಅದು ಬಂತು. ಮನೆಯ ಹಿಂದಿನ ಸ್ಟೋರಿನಲ್ಲಿ, ಗೋಣಿಚೀಲಗಳ ಮಧ್ಯೆ ಮಂಚ ಹಾಕಿ ನನ್ನನ್ನು ಮಲಗಿಸಿದರು. ಗಂಡ ಊಟ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಅತ್ತೆ ಮಾತ್ರ ಎಷ್ಟು ಬೈದರೂ ಕೇಳದೆ ಬಾಗಿಲಾಚೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಒಳಗೆ ನಾನು ಸೀನಿದರೆ ಹೊರಗಿಂದ "ನೂರು ವರ್ಷ". ರಾಜ್ಯದಲ್ಲೆಲ್ಲ ಆಗ ಸೀನಿದವರನ್ನು ಹರಸುತ್ತಿದ್ದವರು ಅವರೊಬ್ಬರೇ ಇರಬೇಕು. ಆ ದಿನಗಳಲ್ಲಿ ನಾನು ಮುಚ್ಚಿದ ಬಾಗಿಲಿನ ಈ ಕಡೆ ಅತ್ತಿದ್ದೇನೆ, ಅದನ್ನು ಅವರಿಗೆ ಹೇಳಿಲ್ಲ.

ಇಂಥ ಅತ್ತೆಯ ಎದೆಯಲ್ಲಿ ಒಂದು ಗಂಟು ಇದೆ ಎಂದು ನನಗೆ ಗೊತ್ತಾದದ್ದು ಅವರು ಹೇಳಿ ಅಲ್ಲ. ಹೋದ ವರ್ಷ ಭುಜ ನೋವು ಬಂದು ಅವರಿಗೆ ಬೆನ್ನು ಉಜ್ಜಿಕೊಳ್ಳಲು ಆಗದೆ, ಎಣ್ಣೆನೀರು ಹಾಕಲು ನನ್ನನ್ನು ಕರೆದರು. ಬೆನ್ನು ಉಜ್ಜುತ್ತ ಕೈ ಮುಂದೆ ಹೋದಾಗ ಕಂಕುಳ ಹತ್ತಿರ ಗಟ್ಟಿಯಾಗಿ ಸಿಕ್ಕಿತು. ನಾನು ಕೈ ನಿಲ್ಲಿಸಿದೆ. ಅವರು ಹಂಡೆಯ ಕಡೆ ನೋಡುತ್ತ "ಅದು ದೀಪಾವಳಿಯಿಂದ ಐತೆ. ನೋಯಕಿಲ್ಲ. ನೀರ್ ಹುಯ್ಯಿ, ಆರೋಯ್ತದೆ" ಅಂದರು. ಆಗ ಶಿವರಾತ್ರಿ ಕಳೆದಿತ್ತು.

ಆಲೂರಿನ ಡಾಕ್ಟರು ನೋಡಿ, ಹಾಸನಕ್ಕೆ ಬರೆದುಕೊಟ್ಟರು. ನನ್ನನ್ನು ಪಕ್ಕಕ್ಕೆ ಕರೆದು, ತಡ ಮಾಡಬೇಡಿ, ಇಂಥದ್ದರಲ್ಲಿ ವಾರ ಹದಿನೈದು ದಿನವೂ ದೊಡ್ಡದೇ ಅಂದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಗಂಡ ಜೀಪ್ ಸ್ಟಾರ್ಟ್ ಮಾಡಿ ಕೂತಿದ್ದರು. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ದೇವರಿಗೆ ಕೈಮುಗಿದು, ಹೊಸ್ತಿಲಿಗೆ ಬಂದು ಬಲಗಾಲು ಎತ್ತಿದರು. ನಾನು ಸೀನಿದೆ. ಒಂದೇ ಒಂದು. ಮೆಣಸು ಕೊಯ್ಲಿನ ಕಾಲ, ಅಂಗಳದ ತುಂಬ ಕಾಳುಮೆಣಸು ಒಣಗಲು ಹಾಕಿದ್ದೆವು, ಗಾಳಿಯಲ್ಲೆಲ್ಲ ಅದರ ದೂಳು. ಅತ್ತೆ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟು, ಒಳಗೆ ಹೋಗಿ ಕೂತರು. ಸರಿ, ನೀರು ಕೊಟ್ಟೆ. ಒಂದು ಲೋಟ ನೀರನ್ನು ಯಾರೂ ಅಷ್ಟು ಹೊತ್ತು ಕುಡಿದದ್ದನ್ನು ನಾನು ನೋಡಿಲ್ಲ. ಕುಡಿದು ಮುಗಿಸಿ ಗಡಿಯಾರ ನೋಡಿ, "ಏಳೂವರೆ ಆತು. ರಾಹುಕಾಲ ಬಂತು" ಅಂದರು. ರಾಹುಕಾಲ ಮುಗಿಯುವಾಗ ಒಂಬತ್ತು, ಹಾಸನ ಮುಟ್ಟುವಾಗ ಡಾಕ್ಟರನ್ನು ಕಾಣಲು ಕೊಡುವ ಚೀಟಿ ಮುಗಿದಿರುತ್ತದೆ. ಗಂಡ ಜೀಪ್ ಆಫ್ ಮಾಡಿದರು. ಈ ಮನೆಗೆ ಬಂದ ಮೂವತ್ತು ವರ್ಷದಲ್ಲಿ ನನ್ನ ಮೂಗಿನ ಮೇಲೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳೋಕೆ ಆಗುತ್ತದೆಯೇ ಎಂದು ಗಾದೆ ಕೇಳುತ್ತದೆ. ಆವತ್ತು ಕತ್ತಿ ಕೈಗೆ ಸಿಕ್ಕಿದ್ದರೆ ಕೊಯ್ದುಕೊಳ್ಳುತ್ತಿದ್ದೆನೋ ಏನೋ.

ಗುರುವಾರ ಮತ್ತೆ ಹೊರಟೆವು. ಬಾಯಿಯೂ ಕಳಿಸಿಕೊಡಲು ಬಂದಿದ್ದರು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದ ಕಡೆ ನೋಡದೆ, ದೇವರ ಮೇಲಿನ ಹಳೆಯ ಸಿಟ್ಟನ್ನೂ ಅಷ್ಟು ಹೊತ್ತಿಗೆ ಬದಿಗಿಟ್ಟು ನಿಂತಿದ್ದೆ. ಅತ್ತೆ ಹೊಸ್ತಿಲು ದಾಟಿ ಮೆಟ್ಟಿಲಿಗೆ ಕಾಲಿಡಬೇಕು, ಬಂತು. ಮತ್ತೆ ಒಂದು.

"ಜೆಜು! ಎಂತ ಮಾರಾಯ್ತಿ ನೀವು, ಒಂದೇ ಸೀನಿ ನಿಲ್ಲಿಸಿದ್ದು? ಇನ್ನೊಂದು ಸೀನಿ ಮಾರಾಯ್ತಿ, ಜೋಡಿ ಆಗ್ತದೆ" ಅಂದರು ಬಾಯಿ.

ಬೇಕೆಂದಾಗ ಸೀನು ಬರುತ್ತದೆಯೇ? ಸೂರ್ಯನನ್ನು ನೋಡಿದೆ, ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಬಾಯಿ ಸೀದಾ ಅಂಗಳಕ್ಕೆ ಹೋಗಿ, ನಾಲ್ಕು ಕಾಳು ಮೆಣಸು ತಂದು, ಕಲ್ಲಿನಲ್ಲಿ ಜಜ್ಜಿ, ನನ್ನ ಮೂಗಿನ ಕೆಳಗೆ ಹಿಡಿದರು. ನಾನೂ ಹಟಕ್ಕೆ ಜೋರಾಗಿ ಎಳೆದೆ. ಆಮೇಲೆ ನಡೆದದ್ದು ನನ್ನ ಕೈಯಲ್ಲಿ ಇರಲಿಲ್ಲ. ಎರಡು, ಮೂರು, ನಾಲ್ಕು ಎಂದು ಗಂಡ ಜೀಪಿನಿಂದಲೇ ಎಣಿಸುತ್ತಿದ್ದರು. ಕಂಬ ಹಿಡಿದುಕೊಂಡು ಸೀನಿದೆ, ಕೂತು ಸೀನಿದೆ. ಸೀನು ನಿಂತಾಗ ಮೊದಲಿನದೂ ಸೇರಿ ಹನ್ನೊಂದಾಗಿತ್ತು.

"ಐದು ಜೋಡಿ ಆತಲ್ಲ ಅವ್ವ, ಬಾ" ಅಂದರು ಗಂಡ.

"ಐದ್ ಜೋಡಿ ಆತು. ಕೊನೇದು ಒಂಟಿ" ಅಂದರು ಅತ್ತೆ. ಹೋಗಿ ಕೂತರು. ನಾನು ಇನ್ನೊಂದು ಚಿಟಿಕೆ ಮೆಣಸು ಕೇಳಿದೆ, ಆದರೆ ಮೂಗು ಸತ್ತುಹೋಗಿತ್ತು. ಬೆಂಕಿ ಇಟ್ಟಿದ್ದರೂ ಅದು ಸೀನುತ್ತಿರಲಿಲ್ಲ. ಬಾಯಿ ಅತ್ತೆಯ ಪಕ್ಕ ಕೂತು, ನಮ್ಮ ದೇವರಿಗೆ ಸೀನು ಅಂದರೆ ಬರೀ ಸೀನು, ಅವನ ಹೆಸರು ಹೇಳಿ ಎದ್ದು ಹೋಗುವುದೇ, ನೀವೂ ಇವತ್ತೊಂದು ದಿನ ಹಾಗೇ ಮಾಡಿ ಅಮ್ಮಾ ಅಂದರು. "ನಿಮ್ ದೇವ್ರು ಒಳ್ಳೇವ್ನು ಬಾಯಿ" ಅಂದರೇ ಹೊರತು ಅತ್ತೆ ನೀರಿನ ಲೋಟವನ್ನೂ ಮುಟ್ಟಲಿಲ್ಲ, ಏಳಲೂ ಇಲ್ಲ. ಆವತ್ತೂ ಜೀಪ್ ಆಫ್ ಆಯಿತು.

ನನಗೆ ರಾತ್ರಿಯೆಲ್ಲ ಒಂದೇ ಯೋಚನೆ. ಇವರಿಗೆ ಏನಾದರೂ ಆದರೆ ಅದು ನನ್ನ ಮೂಗಿನಿಂದ ಆದದ್ದು. ಯಾವ ಶಕುನ ಸುಳ್ಳು ಎಂದು ಮಕ್ಕಳಿಗೆ ಪಾಠ ಹೇಳಿದೆನೋ ಅದೇ ಶಕುನದಿಂದ ನಾನು ಅತ್ತೆಯನ್ನು ಕಳೆದುಕೊಳ್ಳುತ್ತೇನೆ.

ಮುಂದಿನ ಬುಧವಾರ ನಾನು ಎಲ್ಲ ತಯಾರಿ ಮಾಡಿಕೊಂಡೆ. ಹಿಂದಿನ ದಿನವೇ ಮೆಣಸೆಲ್ಲ ಚೀಲಕ್ಕೆ ತುಂಬಿಸಿ ಅಂಗಳ ತೊಳೆಸಿದೆ. ಬುಧವಾರ ರಾಹುಕಾಲ ಮಧ್ಯಾಹ್ನ, ಆ ನೆವವೂ ಇಲ್ಲ. ಅತ್ತೆ ಹೊಸ್ತಿಲಿಗೆ ಬರುವಾಗ ನಾನು ಎರಡು ಬೆರಳಲ್ಲಿ ಮೂಗು ಹಿಡಿದು, ಉಸಿರು ಕಟ್ಟಿ, ಕಣ್ಣು ಕಿಸಿದು ನಿಂತೆ. ಸೀನು ಬಂತು, ಕಿವಿಯವರೆಗೆ ಬಂತು, ತಡೆದೆ. ತಲೆಯೊಳಗೆ ಏನೋ ಟಪ್ ಅಂತು, ಆದರೂ ತಡೆದೆ. ಗೆದ್ದೆ ಅಂದುಕೊಂಡೆ.

ಆಗ ಅತ್ತೆ ಸೀನಿದರು.

"ಹಚ್ಚಿ" ಎಂದು ಸಣ್ಣದಾಗಿ, ಸೆರಗು ಅಡ್ಡ ಹಿಡಿದು. ಸೀನಿ ಆದ ಮೇಲೆ ನನ್ನ ಮುಖ ನೋಡಲಿಲ್ಲ, ತಿರುಗಿ ಒಳಗೆ ಹೋಗಿಬಿಟ್ಟರು.

ನಾನು ಅವರ ಸೀನನ್ನು ಮೂವತ್ತು ವರ್ಷ ಕೇಳಿದವಳು. ಅವರಿಗೆ ಸೀನು ಬರುವ ಮುಂಚೆ ಹಾ, ಹಾ ಎಂದು ಎರಡು ಮೂರು ಸಲ ಬಾಯಿ ತೆರೆಯುತ್ತದೆ, ಕೈ ಗೋಡೆ ಹುಡುಕುತ್ತದೆ, ಆಮೇಲೆ ಬರುವ ಶಬ್ದಕ್ಕೆ ಕೋಳಿಗಳು ಹಾರುತ್ತವೆ. ಅದು ಮುಗಿದ ಕೂಡಲೇ "ಶಿವ ಶಿವ" ಅನ್ನುತ್ತಾರೆ. ಅಂದದ್ದನ್ನು ಕೇಳಿದ್ದೇನೆಯೇ ಹೊರತು ಅನ್ನದೆ ಬಿಟ್ಟದ್ದನ್ನು ಕೇಳಿಲ್ಲ. ಇವತ್ತು ಅನ್ನಲಿಲ್ಲ. ಸುಳ್ಳು ಸೀನಿಗೆ ಶಿವನ ಹೆಸರು ಹೇಳಲು ಅವರಿಗೆ ಮನಸ್ಸು ಬಂದಿರಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟೇ. ಮೂಗಿಗೆ ಮೆಣಸು ಹಾಕಿಕೊಂಡು ಕುಣಿದವಳು ನಾನು, ಇವರಿಗೆ ಇದು ಕಳ್ಳನಿಗೊಂದು ಪಿಳ್ಳೆ ನೆವ! ದಡದಡ ಒಳಗೆ ಹೋದೆ. ಅತ್ತೆ ಅಡುಗೆಮನೆಯಲ್ಲಿ ತಮ್ಮ ಮಣೆಯ ಮೇಲೆ, ಇಸ್ತ್ರಿ ಸೀರೆಯಲ್ಲಿ, ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. ಬೈಯಲು ಹೋದವಳು ನೀರು ತಂದು ಕೊಟ್ಟು ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಅವರೇ ಹೇಳಿದರು. "ನಮ್ಮಕ್ಕನ್ನ ಬಿಸಿಲೆ ಊರಿಂದ ಆಸ್ಪತ್ರೆಗೆ ಕರ್ಕಂಡ್ ಹೋಗೋವಾಗ ನಾನೂ ಅಲ್ಲೇ ಇದ್ದೆ. ಎದುರಿಗೆ ತುಂಬಿದ್ ಕೊಡ ಬಂತು. ಹಲ್ಲಿ ನುಡೀಲಿಲ್ಲ, ಬೆಕ್ಕು ಅಡ್ಡ ಬರ್ಲಿಲ್ಲ. ಯಾರೂ ಸೀನ್ಲಿಲ್ಲ ಕಣೇ. ಎಲ್ಲಾ ಚೆಂದಾಗಿತ್ತು. ಅವ್ಳು ವಾಪಸ್ ಬರ್ಲೇ ಇಲ್ಲ."

ಶಕುನ ಸುಳ್ಳು ಅತ್ತೆ, ನೋಡಿ ನೀವೇ ಹೇಳಿದಿರಲ್ಲ ಅನ್ನಬಹುದಿತ್ತು. ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಸೀನಿದರೆ ಉಳಿಯಲು ಒಂದು ದಾರಿಯಾದರೂ ಇದೆ, ಸೀನದಿದ್ದರೆ ಹೋಗಲೇಬೇಕು.

"ನಂಗೂ ಭಯ ಆಗ್ತೈತೆ ಅತ್ತೆ" ಅಂದೆ. ಅದು ಅವರನ್ನು ಸಮಾಧಾನ ಮಾಡಲು ಹೇಳಿದ ಮಾತಲ್ಲ.

ಅವರು ತಿರುಗಿ ನನ್ನನ್ನು ನೋಡಿದರು. "ನಿಂಗಾ? ನೀ ದೇವ್ರಿಗೇ ಹೆದ್ರೋಳಲ್ಲ."

"ದೇವ್ರಿಗಲ್ಲ. ಆ ಗಂಟಿಗೆ."

ಅತ್ತೆ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದು, ನನ್ನ ಭುಜ ಹಿಡಿದು ಎದ್ದರು. "ಹಂಗಾರೆ ನಡಿ. ಇಬ್ರೂ ಹೆದ್ರುಕೊಂಡೇ ಹೋಗಾಣ."

ಹೋದೆವು. ಸೂಜಿ ಹಾಕಿ ಪರೀಕ್ಷೆ ಮಾಡಿದರು, ಅದು ಇದು ತೆಗೆಸಿದರು, ಹತ್ತು ದಿನ ಬಿಟ್ಟು ಆಪರೇಷನ್ ಅಂದರು. ಡಾಕ್ಟರು ಹೆಂಗಸಾದದ್ದರಿಂದ ಅತ್ತೆಯ ಅರ್ಧ ಭಯ ಕಳೆಯಿತು. ಉಳಿದರ್ಧವನ್ನು ಅವರು ಯಾರಿಗೂ ತೋರಿಸಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಅವರಿಗೆ ಹಸಿರು ಅಂಗಿ ಹಾಕಿ, ಕಿವಿಯ ಓಲೆ ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. ಓಲೆ ಇಲ್ಲದ ಅವರ ಕಿವಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಗಂಡ ಔಷಧಿ ತರಲು ಕೆಳಗೆ ಹೋಗಿದ್ದರು. ಸ್ಟ್ರೆಚರ್ ಪಕ್ಕದಲ್ಲಿ ನಾನೊಬ್ಬಳೇ ನಡೆದೆ. ಥಿಯೇಟರಿನ ಬಾಗಿಲು ತೆರೆಯಿತು, ಸ್ಟ್ರೆಚರಿನ ಮುಂದಿನ ಚಕ್ರ ಹೊಸ್ತಿಲಿಗೆ ತಾಗಿತು. ತಳ್ಳುತ್ತಿದ್ದ ವಾರ್ಡಿನ ಮನುಷ್ಯ ಮಾಸ್ಕಿನೊಳಗೇ ಸೀನಿದ.

ಒಂದೇ. ನಾನು ಕಾದೆ. ಎರಡನೆಯದು ಬರಲಿಲ್ಲ.

"ನಿಲ್ಸಿ!" ಎಂದು ನಾನು ಕಿರುಚಿದೆ. ಸ್ಟ್ರೆಚರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ವಿಜ್ಞಾನದ ಟೀಚರ್, ಐವತ್ತಮೂರು ವರ್ಷದ ಹೆಂಗಸು, ನನಗೆ ಒಂದಿಷ್ಟೂ ನಾಚಿಕೆ ಆಗಲಿಲ್ಲ. "ಅವ್ರಿಗೆ ನೀರು ಕೊಡ್ಬೇಕು. ಒಂದ್ ನಿಮಿಷ. ನೀರು ಕುಡಿದು ಹೋಗ್ಲಿ" ಅಂದೆ. ಒಂದು ಕೈಯಿಂದ ಚೀಲದೊಳಗಿನ ಬಾಟಲಿ ತೆಗೆದರೆ, ಅದೊಂದೇ ಕೈಗೆ ಮುಚ್ಚಳ ತಿರುಗುತ್ತಲೇ ಇಲ್ಲ.

"ಏನ್ ಮೇಡಮ್ ನೀವು? ರಾತ್ರಿಯಿಂದ ಖಾಲಿ ಹೊಟ್ಟೇಲಿ ಇಟ್ಟಿದೀವಿ, ಒಂದು ಹನಿ ನೀರೂ ಕೊಡಂಗಿಲ್ಲ" ಅಂದರು ಸಿಸ್ಟರ್. ನನಗೂ ಅದು ಗೊತ್ತಿತ್ತು. ರಾತ್ರಿ ಅತ್ತೆಗೆ ನೀರು ಕೊಡದಂತೆ ಕಾದವಳು ನಾನೇ. ಆದರೂ ಕಂಬಿ ಬಿಡಲು ಕೈ ಬರಲಿಲ್ಲ. ಸೀನಿದ ಮನುಷ್ಯ ಪಾಪ, ತಾನೇನು ತಪ್ಪು ಮಾಡಿದೆ ಎಂದು ತಿಳಿಯದೆ ನಿಂತಿದ್ದ.

ಮಲಗಿದ್ದ ಅತ್ತೆ ಕತ್ತು ಎತ್ತಿ ಎಲ್ಲರನ್ನೂ ಒಮ್ಮೆ ನೋಡಿದರು. ನನ್ನ ಮುಖವನ್ನು ತುಸು ಹೆಚ್ಚು ಹೊತ್ತು ನೋಡಿದರು.

"ನಾ ಕುಡಿಯಂಗಿಲ್ಲ ಅಂದ್ರೆ ಅವ್ಳು ಕುಡೀಲಿ" ಅಂದರು ಸಿಸ್ಟರಿಗೆ. "ನನ್ ಬದ್ಲು ನನ್ ಸೊಸೆ ಕುಡೀತಾಳೆ. ಅಷ್ಟಕ್ಕೆ ತಪ್ಪಿಲ್ಲ ತಾನೇ ಕಣವ್ವಾ?"

ಸಿಸ್ಟರ್ ಗಡಿಯಾರ ನೋಡಿದರು, ನನ್ನ ಕಡೆ ನೋಡಿದರು, ಬಾಟಲಿ ಕಿತ್ತುಕೊಂಡು ಮುಚ್ಚಳ ತೆಗೆದು ಕೊಟ್ಟರು. ನಾನು ಅಲ್ಲೇ ನಿಂತು ಕುಡಿಯತೊಡಗಿದೆ. ಅರ್ಧ ನೀರು ಕುತ್ತಿಗೆ ಮೇಲೆ ಸುರಿಯಿತು. ಸಾಕು ಎಂದು ಕೆಳಗಿಳಿಸಿದೆ.

"ಪೂರ್ತಿ ಕುಡಿ" ಅಂದರು ಅತ್ತೆ.

ಪೂರ್ತಿ ಕುಡಿದೆ. ಕೊನೆಯ ಗುಟುಕು ಇಳಿಯುವವರೆಗೆ ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು. ಆಮೇಲೆ ತಲೆಯನ್ನು ದಿಂಬಿಗೆ ಇಟ್ಟು, "ಹೂಂ, ಈಗ ನಡೀರಪ್ಪಾ" ಅಂದರು. ಕಂಬಿಯ ಮೇಲಿದ್ದ ನನ್ನ ಇನ್ನೊಂದು ಕೈಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, "ಹೋಗ್ಬತ್ತೀನಿ ಕಣವ್ವ" ಅಂದರು.

ಬಾಗಿಲು ಹಾಕಿಕೊಂಡಿತು. ನಾನು ಒದ್ದೆ ಸೆರಗಿನಲ್ಲಿ, ಒಂದು ಕೈಯಲ್ಲಿ ಖಾಲಿ ಬಾಟಲಿ, ಇನ್ನೊಂದು ಕೈಯಲ್ಲಿ ಚೀಲದಿಂದ ತೆಗೆದ ಅವರ ಓಲೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಎರಡೂವರೆ ಗಂಟೆ ಆದ ಮೇಲೆ ಅತ್ತೆ ವಾಪಸ್ ಬಂದರು.